ಒದ್ದೆ ಬಟ್ಟೆ ಮತ್ತು ತಕ್ಕಡಿ: ಹಾಲು ಕಕ್ಕುವ ಒಂದು ಕೂಸಿನ ಪ್ರಕರಣ

"ಮೇಡಂ, ಆ ರೇಷ್ಮೆ ಮನೆ ಬಾಣಂತಿ ಇವತ್ತಿಂದ ಕೂಸಿಗೆ ಡಬ್ಬಿ ಹಾಲು ಹಾಕ್ತಾರಂತೆ. ಡಬ್ಬಿ ತರೋಕೆ ಅವರಪ್ಪ ಶಿಡ್ಲಘಟ್ಟಕ್ಕೆ ಹೊರಟವ್ರೆ. ಬೇಗ ಬನ್ನಿ."

ಜನವರಿಯ ಚಳಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಆಶಾ ಕಾರ್ಯಕರ್ತೆಯ ಫೋನ್. ಚಿಕ್ಕಬಳ್ಳಾಪುರ ಜಿಲ್ಲೆ, ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ನಾನು ಆ ಸುತ್ತಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ನರ್ಸಿಂಗ್ ಓದಿ ಬಂದವಳು. ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಊರು, ಹೆಸರು ಬಿಟ್ಟಿದ್ದೇನೆ. ಹಾಲು ಕಕ್ಕುವ ಕೂಸು ಯಾವ ಬೀದಿಯಲ್ಲಿ ಇಲ್ಲ? ಆದರೂ ಇದನ್ನು ಇಷ್ಟು ಉದ್ದಕ್ಕೆ ಬರೆಯಲು ಕಾರಣವಿದೆ. ಆ ಮನೆಯಲ್ಲಿ ಎಲ್ಲರ ಕಣ್ಣೂ ಬಟ್ಟೆಗೆ ಬಿದ್ದ ಹಾಲಿನ ಮೇಲಿತ್ತು. ಒಳಗೆ ಎಷ್ಟು ಉಳಿಯುತ್ತಿದೆ ಎಂದು ಯಾರೂ ನೋಡಿರಲಿಲ್ಲ. ಮೊದಲ ಸಲ ನಾನೂ ನೋಡಿರಲಿಲ್ಲ.

ಅಲ್ಲಿಯವರೆಗೆ ನಡೆದದ್ದು

ತಾಯಿಗೆ 23 ವರ್ಷ, ಚೊಚ್ಚಲ ಹೆರಿಗೆ. ತಿಂಗಳು ತುಂಬಿ ಸಹಜವಾಗಿ ಹುಟ್ಟಿದ ಗಂಡು ಮಗು, ಹುಟ್ಟಿದಾಗ 2.9 ಕೆ.ಜಿ. ಗಂಡನ ಮನೆ ಚಿಂತಾಮಣಿ ಕಡೆ, ಬಾಣಂತನಕ್ಕೆ ತವರಿಗೆ ಬಂದಿದ್ದಳು. ತವರಿನವರು ರೇಷ್ಮೆ ಹುಳ ಮೇಯಿಸುವವರು. ನಾನು ಹೋದ ದಿನ ಮಗುವಿಗೆ 35 ದಿನ.

ಎರಡನೇ ವಾರದ ಕೊನೆಗೆ ಕಕ್ಕುವುದು ಶುರುವಾಗಿತ್ತು. ಮೊದಲು ದಿನಕ್ಕೆ ನಾಲ್ಕೈದು ಸಲ, ಆಮೇಲೆ ಪ್ರತಿ ಸಲ ಹಾಲು ಕುಡಿದಾಗಲೂ. ಕೆಲವೊಮ್ಮೆ ಕುಡಿದ ಹಾಗೇ ಬಿಳಿ ಹಾಲು, ಅರ್ಧ ಗಂಟೆ ಕಳೆದಿದ್ದರೆ ಮೊಸರಿನಂಥ ಗಟ್ಟಿ, ಹುಳಿ ವಾಸನೆ. ಈ ಮೊಸರೇ ಮನೆಯಲ್ಲಿ ಗಲಿಬಿಲಿ ಎಬ್ಬಿಸಿದ್ದು. "ಎದೆಯಲ್ಲೇ ಹಾಲು ಒಡೀತಿದೆ" ಎಂದರು ಪಕ್ಕದ ಮನೆಯವರು. ನಾಮಕರಣಕ್ಕೆ ಬಂದಿದ್ದ ಅತ್ತೆ, "ಇವಳ ಹಾಲು ತೆಳು, ಕೂಸಿಗೆ ಹಿಡಿಸ್ತಿಲ್ಲ" ಎಂದು ಹೇಳಿ ಹೋಗಿದ್ದರು. ತಾಯಿಗೆ ಮೊಸರು ನಿಲ್ಲಿಸಿದರು, ಸೊಪ್ಪು ತರಕಾರಿ ನಿಲ್ಲಿಸಿದರು, ನೀರನ್ನೂ ಅಳೆದು ಕೊಟ್ಟರು. ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ ಅಷ್ಟೇ. ದೃಷ್ಟಿ ತೆಗೆದರು. ಬಜೆ ತೇಯ್ದು ನೆಕ್ಕಿಸಿದರು. ಕಕ್ಕುವುದು ನಿಲ್ಲಲಿಲ್ಲ.

ಹತ್ತು ದಿನ ಮೊದಲು ತಾಯಿ ನನಗೆ ಫೋನ್ ಮಾಡಿದ್ದಳು. ಅವತ್ತು ನನ್ನ ಮುಂದೆ ಬಿ.ಪಿ. ತೋರಿಸಲು ಬಂದವರ ಸಾಲಿತ್ತು. "ಹಾಲು ಕುಡಿಸಿದ ಮೇಲೆ ಹೆಗಲ ಮೇಲೆ ಹಾಕಿ ತೇಗಿಸಮ್ಮ, ಸರಿ ಹೋಗುತ್ತೆ" ಎಂದು ಇಟ್ಟುಬಿಟ್ಟೆ. ಮಗು ಹೇಗೆ ಕುಡಿಯುತ್ತದೆ ಎಂದು ನೋಡದೆ ಕೊಟ್ಟ ಸಲಹೆ ಅದು. ಅವಳು ಹೇಳಿದ ಹಾಗೇ ಮಾಡಿದಳು, ಫಲ ಕಾಣಲಿಲ್ಲ, ಮತ್ತೆ ನನಗೆ ಫೋನ್ ಮಾಡಲಿಲ್ಲ. ಪೇಟೆಯ ಒಂದು ಕ್ಲಿನಿಕ್ಕಿಗೆ ಹೋದರು. ಅಲ್ಲಿ ಎರಡು ಬಗೆಯ ಹನಿ ಬರೆದುಕೊಟ್ಟರು, ಒಂದು ವಾಂತಿಗೆ, ಒಂದು ಹೊಟ್ಟೆಯ ಆಮ್ಲಕ್ಕೆ. ಔಷಧಿ ಅಂಗಡಿಯವನು ಹನಿಯ ಜೊತೆಗೆ ಹಾಲಿನ ಪುಡಿಯ ಡಬ್ಬಿಯನ್ನೂ ತೋರಿಸಿ, "ಇದಾದ್ರೆ ಹೊಟ್ಟೇಲಿ ನಿಲ್ಲುತ್ತೆ" ಎಂದಿದ್ದ. ಎರಡು ವರ್ಷದೊಳಗಿನ ಮಕ್ಕಳಿಗೆ ಇಂಥ ಡಬ್ಬಿ ಹಾಲನ್ನು ಪ್ರಚಾರ ಮಾಡಬಾರದೆಂದು ನಮ್ಮ ದೇಶದಲ್ಲಿ ಕಾನೂನಿದೆ, 1992ರಲ್ಲಿ ಬಂದದ್ದು, 2003ರಲ್ಲಿ ತಿದ್ದುಪಡಿಯಾದದ್ದು. ಅಂಗಡಿಯ ಕಟ್ಟೆಯ ಮುಂದೆ ನಿದ್ದೆಗೆಟ್ಟು ನಿಂತ ಬಾಣಂತಿಗೆ ಅದನ್ನು ಹೇಳುವವರು ಯಾರು?

ನಲವತ್ತು ನಿಮಿಷ ಸುಮ್ಮನೆ ಕೂತೆ

ಮನೆ ಹೊಕ್ಕರೆ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಒಳಕೋಣೆಯಲ್ಲಿ ಬಾಣಂತಿ ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಹಗ್ಗದ ಮೇಲೆ ಹಳೇ ಪಂಚೆಯ ತುಂಡುಗಳು ಒಣಗುತ್ತಿದ್ದವು. ನನ್ನನ್ನು ನೋಡಿದೊಡನೆ ಅವಳ ಕಣ್ಣು ತುಂಬಿತು. "ನನ್ನ ಹಾಲೇ ಸರಿಯಿಲ್ಲ ಅಂತೆ ಮೇಡಂ" ಎಂದಳು. ಆ ಮಾತಿಗೆ ನಾನು ತಕ್ಷಣ ಏನೂ ಹೇಳಲಿಲ್ಲ. ಆ ಗಳಿಗೆಯಲ್ಲಿ ಸಮಾಧಾನ ಹೇಳಿದ್ದರೆ ಬಾಯುಪಚಾರವಾಗುತ್ತಿತ್ತು. "ಈಗ ಹಾಲು ಕುಡಿಸೋ ಹೊತ್ತಾ? ದಿನಾ ಹೇಗೆ ಕುಡಿಸ್ತೀಯೋ ಹಾಗೇ ಕುಡಿಸು, ನಾನು ನೋಡ್ತೀನಿ" ಎಂದೆ.

ಅವಳು ಮಗ್ಗುಲಾಗಿ ಮಲಗಿ ಮಗುವನ್ನು ಎದೆಗೆ ಒತ್ತಿಕೊಂಡಳು. ಬಾಣಂತಿ ಕೂತರೆ ಸೊಂಟ ಹೋಗುತ್ತದೆಂದು ಅಮ್ಮನ ಕಟ್ಟಪ್ಪಣೆ. ಮಗು ಬಾಯಿ ಅಗಲಿಸಿ ಚೆನ್ನಾಗಿಯೇ ಹಿಡಿಯಿತು. ಒಂದು ನಿಮಿಷ ಕಳೆದಿರಬೇಕು, ಗಟಗಟ ಸದ್ದು ಏರಿತು, ಮಗು ಕೆಮ್ಮಿತು, ಬಾಯಿ ಬಿಟ್ಟಿತು. ಹಾಲು ಅದರ ಕೆನ್ನೆ, ಕಣ್ಣಿನ ಮೇಲೆ ಎಳೆಯೆಳೆಯಾಗಿ ಚಿಮ್ಮಿತು. ಇನ್ನೊಂದು ಎದೆಯಿಂದಲೂ ಸುರಿದು ಅವಳ ಸೀರೆ ನೆನೆಯಿತು. ಮಗು ಮತ್ತೆ ಹಿಡಿಯಿತು, ಮತ್ತೆ ಕೆಮ್ಮಿ ಬಿಟ್ಟಿತು. ಐದು ನಿಮಿಷವಾಗುತ್ತಲೇ ಅಜ್ಜಿ ಬಾಗಿಲಿಂದ, "ಸಾಕು, ಆ ಕಡೆ ಕೊಡು, ಎರಡೂ ಕಡೆ ಕುಡೀಬೇಕು" ಎಂದರು. ಆ ಕಡೆಯೂ ಅದೇ ಕಥೆ. ಮುಗಿದ ಕೂಡಲೇ ಅಜ್ಜಿ ಮಗುವನ್ನು ಬಿಗಿಯಾಗಿ ಸುತ್ತಿ ಸೀರೆಯ ಜೋಲಿಗೆ ಹಾಕಿ ಜೋರಾಗಿ ತೂಗಿದರು. ನಾಲ್ಕು ನಿಮಿಷ. ಬಾಯಿಯಿಂದ ಹಾಲು ಹರಿಯಿತು, ಸ್ವಲ್ಪ ಮೂಗಿನಿಂದಲೂ.

"ನೋಡಿ, ಕುಡಿದಿದ್ದೆಲ್ಲಾ ಬಂತು!" ಅಜ್ಜಿಯ ಮುಖ ಬೆಳ್ಳಗಾಗಿತ್ತು.

ನಾನು ಮಗುವನ್ನು ನೋಡಿದೆ. ಅಳುತ್ತಿರಲಿಲ್ಲ, ಮೈ ಸೆಟೆಸಿರಲಿಲ್ಲ. ಒರೆಸಿದ ಮೇಲೆ ಮುಷ್ಟಿ ಚೀಪುತ್ತಾ ಸೂರಿನ ಕಡೆ ಕಣ್ಣು ಬಿಟ್ಟುಕೊಂಡಿತ್ತು. ಹೊಟ್ಟೆ ಮೆತ್ತಗಿತ್ತು. ದಿನಕ್ಕೆ ಎಷ್ಟು ಉಚ್ಚೆ ಬಟ್ಟೆ ಎಂದು ಕೇಳಿದೆ. ಎಂಟೋ ಒಂಬತ್ತೋ, ಒಗೆದು ಸಾಕಾಗಿದೆ ಎಂದರು ಅಜ್ಜಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರಕ್ಕಿಂತ ಹೆಚ್ಚು ಬಟ್ಟೆ ಚೆನ್ನಾಗಿ ನೆನೆಯುತ್ತಿದ್ದರೆ ಹಾಲು ಒಳಗೆ ಹೋಗುತ್ತಿದೆ ಎಂದೇ ಲೆಕ್ಕ. ಕಕ್ಕ (ಮಲ) ಮಾತ್ರ ಹಸಿರು, ನೊರೆ ನೊರೆ, ಹೂಸು ಜಾಸ್ತಿ.

ಆಮೇಲೆ ತಾಯಿ ಕಾರ್ಡ್ ತೆಗೆಸಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನಗಳಲ್ಲಿ ಹೋಗಿ ತೂಕ ಮಾಡಬೇಕು. ನಮ್ಮ ಆಶಾ ಒಂದು ಸಲವೂ ತಪ್ಪಿಸಿರಲಿಲ್ಲ. 3ನೇ ದಿನ 2.7, 7ಕ್ಕೆ 2.8, 14ಕ್ಕೆ 3.1, 21ಕ್ಕೆ 3.4, 28ಕ್ಕೆ 3.7. ಅವಳ ಚೀಲದ ತಕ್ಕಡಿಯಲ್ಲಿ ಆಗಲೇ ತೂಗಿ ನೋಡಿದೆವು, 4 ಕೆ.ಜಿ. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಸಾಕು ಎನ್ನುತ್ತೇವೆ. ಈ ಕೂಸು 40 ಗ್ರಾಂ ದಾಟಿ ಏರುತ್ತಿತ್ತು. ಐದು ವಾರದಿಂದ ಆ ಅಂಕಿಗಳು ಕಾರ್ಡಿನಲ್ಲೇ ಇದ್ದವು. ಕಕ್ಕುವುದಕ್ಕೂ ಅದಕ್ಕೂ ಸಂಬಂಧವಿದೆ ಎಂದು ಯಾರೂ ಮನೆಯವರಿಗೆ ಓದಿ ಹೇಳಿರಲಿಲ್ಲ.

ಒಂದು ಚಮಚ ಹಾಲು

ಅಂಕಿ ಹೇಳಿದರೆ ಅಜ್ಜಿ ಒಪ್ಪಲಿಲ್ಲ. "ತೂಕ ನಿಮ್ದು. ನಾನು ಕಣ್ಣಾರೆ ನೋಡ್ತಿದ್ದೀನಲ್ಲ, ಬಟ್ಟೆ ತುಂಬಾ ಹಾಲು."

ಅಡುಗೆಮನೆಯಿಂದ ಹಸುವಿನ ಹಾಲು ತರಿಸಿದೆ. ನನ್ನ ಚೀಲದಲ್ಲಿ 5 ಮಿ.ಲೀ. ಔಷಧಿ ಚಮಚವಿತ್ತು. ಅದೇ ಪಂಚೆಯ ಒಣ ತುಂಡಿನ ಮೇಲೆ ಒಂದು ಚಮಚ ಸುರಿದೆ. ನೋಡನೋಡುತ್ತಾ ಅಂಗೈಯಗಲ ಹರಡಿತು. ಎರಡನೇ ಚಮಚಕ್ಕೆ ಕಕ್ಕಿದ ಬಟ್ಟೆಯಷ್ಟೇ ಒದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟೆ. ಅಜ್ಜಿ ಮುಟ್ಟಿ ನೋಡಿದರು, ಮಡಿಸಿ ನೋಡಿದರು. "ಇಷ್ಟೇನಾ?" ಎಂದರು. ಈ ವಯಸ್ಸಿನ ಮಗು ಒಂದು ಸಲಕ್ಕೆ 60ರಿಂದ 120 ಮಿ.ಲೀ. ಕುಡಿಯುತ್ತದೆ, ದಿನಕ್ಕೆ ಮುಕ್ಕಾಲು ಲೀಟರಿನಷ್ಟು. ಅದರಲ್ಲಿ 10 ಮಿ.ಲೀ. ಆಚೆ ಬಂದರೆ ಉಳಿದದ್ದು ಎಲ್ಲಿ ಹೋಯಿತು ಎಂಬುದಕ್ಕೆ ತಕ್ಕಡಿ ಉತ್ತರ ಹೇಳುತ್ತಿತ್ತು. ಅವತ್ತಿನ ನನ್ನ ಎಲ್ಲ ಮಾತಿಗಿಂತ ಆ ಚಮಚ ಹೆಚ್ಚು ಕೆಲಸ ಮಾಡಿತು. ಡಬ್ಬಿ ತರಲು ಹೋದ ಅಜ್ಜನಿಗೆ ಅಜ್ಜಿಯೇ ಫೋನ್ ಮಾಡಿಸಿದರು.

ಮೊಸರಿನ ವಿಷಯವನ್ನೂ ಆಗಲೇ ಹೇಳಿದೆ. ಹಾಲು ಹೊಟ್ಟೆಗೆ ಇಳಿದರೆ ಅಲ್ಲಿನ ಹುಳಿಗೆ ಒಡೆಯಲೇಬೇಕು, ಹಾಗೆ ಒಡೆದರೇ ಅರಗುವುದು. ಮೊಸರಿನಂತೆ ಬಂದರೆ ಹಾಲು ಸ್ವಲ್ಪ ಹೊತ್ತು ಹೊಟ್ಟೆಯಲ್ಲಿತ್ತು ಎಂದಷ್ಟೇ ಅರ್ಥ. ಎದೆಯಲ್ಲಿ ಹಾಲು ಒಡೆಯುವುದಿಲ್ಲ.

ನನ್ನ ಮನಸ್ಸಿನಲ್ಲಿದ್ದ ಅಳುಕು

ಇಷ್ಟಾದರೂ ಒಂದು ವಿಷಯ ನನ್ನನ್ನು ಬಿಡಲಿಲ್ಲ. ಚೊಚ್ಚಲು, ಗಂಡು, ಐದನೇ ವಾರ. ಜಠರದ ಕೆಳಬಾಯಿಯ ಸ್ನಾಯು ದಪ್ಪವಾಗಿ ಹಾಲು ಕರುಳಿಗೆ ಇಳಿಯದಂತೆ ಕಟ್ಟಿಕೊಳ್ಳುವ ಒಂದು ತೊಂದರೆಯಿದೆ. ಅದು ಹೆಚ್ಚಾಗಿ ಕಾಣುವುದು ಮೂರರಿಂದ ಆರನೇ ವಾರದಲ್ಲಿ, ಗಂಡು ಮಕ್ಕಳಲ್ಲಿ, ಅದರಲ್ಲೂ ಚೊಚ್ಚಲಲ್ಲಿ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು. ಆದರೆ ಅಂಥ ಮಗುವಿನ ವಾಂತಿ ಹರಿಯುವುದಿಲ್ಲ, ಒಂದೆರಡು ಅಡಿ ದೂರ ಎಗರುತ್ತದೆ. ಪ್ರತಿ ಸಲವೂ ಹಾಗೇ, ದಿನದಿನಕ್ಕೆ ಹೆಚ್ಚುತ್ತದೆ. ವಾಂತಿಯಾದ ಕೂಡಲೇ ಮಗು ಹಸಿವಿಗೆ ಕಿರುಚುತ್ತದೆ. ತೂಕ ನಿಲ್ಲುತ್ತದೆ, ಇಳಿಯುತ್ತದೆ, ಉಚ್ಚೆ ಕಡಿಮೆಯಾಗುತ್ತದೆ. ನಮ್ಮ ಕೂಸಿಗೆ ಇದ್ಯಾವುದೂ ಇರಲಿಲ್ಲ. ಹಿಂದಿನ ರಾತ್ರಿ ಒಂದೇ ಒಂದು ಸಲ ರಭಸವಾಗಿ ಬಂದಿತ್ತು, ಮನೆಯವರು ಹೆದರಿ ಡಬ್ಬಿಯ ನಿರ್ಧಾರಕ್ಕೆ ಬಂದದ್ದು ಅದರಿಂದಲೇ.

ಆ ಒಂದು ಸಲವನ್ನು ನಾನು ತಳ್ಳಿಹಾಕಲಿಲ್ಲ. ಮಾರನೇ ದಿನವೇ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ ಬರಲು ಚೀಟಿ ಬರೆದೆ. ಅವರು ಹೊಟ್ಟೆ ಮುಟ್ಟಿ ನೋಡಿ, ತೂಕದ ಗೆರೆ ನೋಡಿ, ಗಂಟಲಿಗೆ ಹಾಲು ಮರಳುವ ಸಾಧಾರಣ ಕಕ್ಕು ಎಂದರು. ಎರಡೂ ಹನಿ ನಿಲ್ಲಿಸಿದರು. ಆಮ್ಲದ ಹನಿಯಿಂದ ಹೊಟ್ಟೆಯ ಹುಳಿ ಕಡಿಮೆಯಾಗುತ್ತದೆಯೇ ಹೊರತು ಮೇಲೆ ಬರುವ ಹಾಲು ಕಡಿಮೆಯಾಗುವುದಿಲ್ಲ. ವಾಂತಿಯ ಹನಿ ಎಳೆಗೂಸಿನ ಎದೆಬಡಿತವನ್ನು ಏರುಪೇರು ಮಾಡಬಹುದು, ಬರೀ ಕಕ್ಕುವ ಮಗುವಿಗೆ ಅದು ಬೇಡ.

ಯಾವ ಮನೆಯವರಾದರೂ ಸರಿ, ಈ ಕೆಳಗಿನವು ಕಂಡರೆ ಮನೆಮದ್ದು, ನನ್ನಂಥವರ ಫೋನು ಎಲ್ಲ ಬಿಟ್ಟು ಆಸ್ಪತ್ರೆಗೆ ಹೊರಡಬೇಕು. ವಾಂತಿ ಹಸಿರಾಗಿದ್ದರೆ ಅದು ಪಿತ್ತ, ಕರುಳು ಕಟ್ಟಿಕೊಂಡಿರಬಹುದು, ರಾತ್ರಿಯಾದರೂ ಕಾಯಬಾರದು. ರಕ್ತ ಅಥವಾ ಕಾಫಿ ಬಣ್ಣ, ಪ್ರತಿ ಸಲವೂ ಎಗರುವ ವಾಂತಿ, ಉಬ್ಬಿ ಬಿಗಿದ ಹೊಟ್ಟೆ, ಜ್ವರ, ಹಾಲು ಬೇಡವೆನ್ನುವುದು, ಎಬ್ಬಿಸಿದರೂ ಏಳದ ಮಂಪರು, ಉಚ್ಚೆ ಕಡಿಮೆಯಾಗುವುದು, ತೂಕ ಏರದಿರುವುದು, ಉಸಿರಾಟದಲ್ಲಿ ಕಷ್ಟ. ಕಕ್ಕದಲ್ಲಿ ರಕ್ತವಿದ್ದು ಮೈಮೇಲೆ ಗಂದೆ, ಇಸುಬು ಇದ್ದರೆ ಹಸುವಿನ ಹಾಲಿನ ಅಲರ್ಜಿ ಇರಬಹುದು. ತಾಯಿ ತನ್ನ ಊಟದಲ್ಲಿ ಹಾಲು, ಮೊಸರು ಬಿಟ್ಟು ನೋಡುವ ಪ್ರಶ್ನೆ ಬರುವುದು ಆಗ ಮಾತ್ರ, ಅದೂ ವೈದ್ಯರು ಹೇಳಿದ ಮೇಲೆ.

ಹಾಲು ಯಾಕೆ ಮರಳುತ್ತಿತ್ತು

ಅನ್ನನಾಳ ಜಠರಕ್ಕೆ ಸೇರುವಲ್ಲಿ ಬಳೆಯಂಥ ಒಂದು ಸ್ನಾಯುವಿದೆ. ಎಳೆಗೂಸುಗಳಲ್ಲಿ ಅದು ಆಗಾಗ ಸಡಿಲ ಬಿಡುತ್ತದೆ. ನಾಳ ಗಿಡ್ಡ, ಆಹಾರವೆಲ್ಲ ದ್ರವ, ದಿನವಿಡೀ ಮಲಗಿರುವುದು. ಮೂರು ತಿಂಗಳೊಳಗಿನ ಮಕ್ಕಳಲ್ಲಿ ಅರ್ಧದಷ್ಟಾದರೂ ದಿನಕ್ಕೊಮ್ಮೆ ಕಕ್ಕುತ್ತವೆ. ನಾಲ್ಕನೇ ತಿಂಗಳ ಸುಮಾರಿಗೆ ಇದು ತುದಿ ಮುಟ್ಟಿ, ಕೂರಲು ಕಲಿತ ಮೇಲೆ ಇಳಿದು, ವರ್ಷ ತುಂಬುವಷ್ಟರಲ್ಲಿ ಬಹುಪಾಲು ಮಕ್ಕಳಲ್ಲಿ ನಿಂತೇ ಹೋಗುತ್ತದೆ.

ಇವಳಲ್ಲಿ ಇದರ ಮೇಲೆ ಇನ್ನೊಂದು ಸೇರಿತ್ತು: ಹಾಲು ಬೇಕಾದ್ದಕ್ಕಿಂತ ಹೆಚ್ಚು, ಇಳಿಯುವ ರಭಸವೂ ಹೆಚ್ಚು. ತಾಯಿ ಮಗ್ಗುಲಾಗಿ ಮಲಗಿ ಎದೆಗೆ ಒತ್ತಿಕೊಂಡಿದ್ದರೆ ಮಗುವಿಗೆ ಆ ಧಾರೆಯಿಂದ ತಪ್ಪಿಸಿಕೊಳ್ಳಲು ಮುಖ ತಿರುಗಿಸುವುದೊಂದೇ ದಾರಿ. ಗಾಳಿಯನ್ನೂ ಸೇರಿಸಿ ನುಂಗುತ್ತದೆ. ಐದೈದು ನಿಮಿಷಕ್ಕೆ ಎದೆ ಬದಲಿಸಿದರೆ ಎರಡೂ ಕಡೆ ಮೊದಲಿಗೆ ಬರುವ, ಕೊಬ್ಬು ಕಡಿಮೆಯಿರುವ ತೆಳು ಹಾಲೇ ಹೊಟ್ಟೆ ತುಂಬುತ್ತದೆ; ಕೊನೆಗೆ ಬರುವ ಕೊಬ್ಬಿನ ಹಾಲು ಸಿಗುವುದು ಕಡಿಮೆ. ಹಸಿರು ನೊರೆ ಕಕ್ಕ, ಹೂಸು, ಅರ್ಧ ಗಂಟೆಗೇ ಮತ್ತೆ ಅಳು, ಅತ್ತ ಕೂಡಲೇ ಮತ್ತೆ ಎದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದ ಹಾಗೆ. ಅತ್ತೆ "ತೆಳು" ಎಂದದ್ದರ ಬೇರು ಹಾಲಿನ ಗುಣದಲ್ಲಿರಲಿಲ್ಲ, ಕುಡಿಸುವ ಕ್ರಮದಲ್ಲಿತ್ತು. ತಾಯಿಗೆ ಇದನ್ನು ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, "ಹಂಗಾರೆ ನನ್ನ ಹಾಲು ಜಾಸ್ತಿನಾ?" ಐದು ವಾರದಲ್ಲಿ ಅವಳ ಬಗ್ಗೆ ಯಾರೂ ಹಾಗೆ ಹೇಳಿರಲಿಲ್ಲ.

ಏನೇನು ಬದಲಿಸಿದೆವು

ಗೋಡೆಗೆ ಹಾಸಿಗೆಯ ಸುರುಳಿ, ಎರಡು ದಿಂಬು ಇಟ್ಟು ತಾಯಿಯನ್ನು ಹಿಂದಕ್ಕೆ ಒರಗಿ ಕೂರಿಸಿದೆ. ಮಗು ಅವಳ ಎದೆಯ ಮೇಲೆ ಬೋರಲು. ಈಗ ಹಾಲು ಮೇಲಕ್ಕೆ ಏರಬೇಕು, ರಭಸ ತಾನಾಗಿ ತಗ್ಗುತ್ತದೆ. ಜಾಸ್ತಿಯಾದರೆ ಮಗುವಿನ ಬಾಯಿಯ ಅಂಚಿಂದ ಹರಿದುಹೋಗುತ್ತದೆ. ಸೊಂಟದ ಹಿಂದೆ ದಿಂಬಿದ್ದದ್ದರಿಂದ ಅಜ್ಜಿಯೂ ತಕರಾರು ತೆಗೆಯಲಿಲ್ಲ. ಹಾಲು ಇಳಿಯಲು ಶುರುವಾದಾಗ ಎದೆ ಜುಮ್ಮೆನ್ನುವುದು ಅವಳಿಗೆ ಗೊತ್ತಾಗುತ್ತಿತ್ತು. ಆಗ ಮಗುವನ್ನು ಬಿಡಿಸಿ, ಮೊದಲ ಒಂದೆರಡು ನಿಮಿಷದ ಚಿಮ್ಮು ಬಟ್ಟೆಗೆ ಹೋಗಲಿ, ಆಮೇಲೆ ಕೊಡು ಎಂದೆ. ಒಂದು ಸಲಕ್ಕೆ ಒಂದೇ ಎದೆ, ಮಗು ತಾನಾಗಿ ಬಿಡುವವರೆಗೆ. ನಡುವೆ ಒಮ್ಮೆ, ಕೊನೆಗೊಮ್ಮೆ ತೇಗು. ಆಮೇಲೆ 20ರಿಂದ 30 ನಿಮಿಷ ಯಾರದಾದರೂ ಹೆಗಲಿಗೆ ನೆಟ್ಟಗೆ. ಈ ಹೆಗಲಿನ ಕೆಲಸ ಅಜ್ಜನ ಪಾಲಿಗೆ ಬಂತು, ಬೀಡಿ ಸೇದಿದ ಬಟ್ಟೆ ಬದಲಿಸಬೇಕು, ಕೈ ತೊಳೆಯಬೇಕು ಎಂಬ ಷರತ್ತಿನ ಮೇಲೆ. ಬೀಡಿ ಹೊಗೆಯಿಂದ ಕಕ್ಕುವುದು ಹೆಚ್ಚುತ್ತದೆ, ಉಸಿರಿಗೂ ಕೆಟ್ಟದ್ದು. ಹುಳದ ಮನೆಗೆ ಬಳಿಯುವ ಔಷಧಿ, ಬ್ಲೀಚಿಂಗ್ ಪೌಡರ್ ವಾಸನೆಯಿಂದಲೂ ಕೂಸನ್ನು ದೂರವಿಡಲು ಹೇಳಿದೆ.

ನೀರೆರೆಯುವ ಹೊತ್ತೂ ಬದಲಾಯಿತು. ಹಾಲು ಕುಡಿಸಿ, ನಿದ್ದೆ ಬರಲಿ ಎಂದು ತಕ್ಷಣ ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ಬಿಸಿನೀರು ಎರೆಯುತ್ತಿದ್ದರು. ದಿನದ ದೊಡ್ಡ ಕಕ್ಕು ಆಗಲೇ ಆಗುತ್ತಿತ್ತು. ಎರೆದ ಮೇಲೆ ಕುಡಿಸಿ ಎಂದೆ, ಅಷ್ಟೇ. ಮೂಗಿಗೆ ಎಣ್ಣೆ ಬಿಡುವುದು, ಬಾಯಿಂದ ಊದುವುದು ಬೇಡ ಎಂದೆ. ಬಜೆಯೂ ಬೇಡ, ಜೇನುತುಪ್ಪವಂತೂ ವರ್ಷದವರೆಗೆ ಮುಟ್ಟಿಸಲೇಬೇಡಿ ಎಂದೆ. ಜೇನಿನಲ್ಲಿರಬಹುದಾದ ಒಂದು ಸೂಕ್ಷ್ಮಾಣುವಿನ ವಿಷ ಎಳೆಗೂಸಿನ ನರಗಳನ್ನೇ ನಿಶ್ಶಕ್ತ ಮಾಡಬಲ್ಲದು.

ಜೋಲಿಯ ವಿಷಯದಲ್ಲಿ ಬಹಳ ಹೊತ್ತು ಮಾತಾಯಿತು. ಜೋಲಿಯಲ್ಲಿ ಮಗು ಬಿಲ್ಲಿನಂತೆ ಬಾಗುತ್ತದೆ, ಹೊಟ್ಟೆ ಮಡಿಸಿ ಹಾಲು ಮೇಲೆ ಒತ್ತುತ್ತದೆ, ಗಲ್ಲ ಎದೆಗೆ ತಾಗಿ ಉಸಿರಿಗೂ ತೊಂದರೆ. ಕಕ್ಕುವ ಮಗುವನ್ನು ಬೋರಲು ಮಲಗಿಸಬೇಕೆಂದು ಯಾರೋ ಹೇಳಿದ್ದರು, ಅದು ಇನ್ನೂ ಅಪಾಯ. ಕಕ್ಕುವ ಮಗುವೂ ಮಲಗಬೇಕಾದದ್ದು ಅಂಗಾತ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ, ತಲೆಗೆ ದಿಂಬಿಲ್ಲದೆ. ಅಂಗಾತ ಮಲಗಿದ ಆರೋಗ್ಯವಂತ ಮಗು ಕಕ್ಕಿದ್ದನ್ನು ನುಂಗಿಯೋ ಕೆಮ್ಮಿಯೋ ದಾರಿ ಬಿಡಿಸಿಕೊಳ್ಳುತ್ತದೆ. ಮೂಗಿನಿಂದ ಬಂದರೆ ಮಗ್ಗುಲಿಗೆ ತಿರುಗಿಸಿ ಒರೆಸಿದರೆ ಸಾಕು, ತಲೆಕೆಳಗೆ ಹಿಡಿಯುವುದು, ಗಂಟಲಿಗೆ ಬೆರಳು ಹಾಕುವುದು ಕೂಡದು. ಅಜ್ಜಿ ಅರ್ಧ ಒಪ್ಪಿದರು. ರಾತ್ರಿ ಚಾಪೆಯ ಮೇಲಿನ ಹಾಸಿಗೆ, ಹಗಲು ಕಣ್ಣೆದುರಿಗೆ ಸ್ವಲ್ಪ ಹೊತ್ತು ಜೋಲಿ, ಅದೂ ಹಾಲು ಕುಡಿದು ಒಂದು ಗಂಟೆಯಾದ ಮೇಲೆ. ನನಗೆ ಪೂರ್ತಿ ಸಮಾಧಾನವಿರಲಿಲ್ಲ.

ತಾಯಿಯ ತಟ್ಟೆಗೆ ಸೊಪ್ಪು, ತರಕಾರಿ, ಮೊಸರು ವಾಪಸ್ ಬಂದವು. ಬಾಯಾರಿದಾಗೆಲ್ಲ ನೀರು.

ಉಳಿದದ್ದು ಅತ್ತ ಕೂಡಲೇ ಎದೆ ಕೊಡುವ ಅಭ್ಯಾಸ. "ಅಳೋ ಮಗುಗೆ ಹಾಲು ಕೊಡಬೇಡ ಅಂತೀರಾ?" ಅಜ್ಜಿಗೆ ಸಿಟ್ಟೇ ಬಂತು. ಹಸಿದಾಗ ಕೊಡಲೇಬೇಕು, ಗಡಿಯಾರ ನೋಡಬೇಕಾಗಿಲ್ಲ. ಆದರೆ ಅರ್ಧ ಗಂಟೆ ಹಿಂದೆ ಕುಡಿದು, ಕಕ್ಕಿ, ಕಾಲು ಮಡಿಸಿ ಅಳುವ ಮಗುವಿಗೆ ಬೇಕಾದದ್ದು ಬೇರೆ ಇರಬಹುದು. ಆ ದಿನ ಅವರ ಹುಳ ನಾಲ್ಕನೇ ಜ್ವರಕ್ಕೆ, ಅಂದರೆ ಮೇವು ಬಿಟ್ಟು ಪೊರೆ ಕಳಚಲು, ಕೂತಿದ್ದವು. "ಅಮ್ಮ, ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕ್ತೀರಾ?" ಎಂದೆ. "ಹಾಕಿದ್ರೆ ಕೆಟ್ಟೋಗ್ತವೆ. ಏಳೋವರೆಗೂ ಕಾಯ್ಬೇಕು" ಎಂದವರು ಅಲ್ಲಿಗೇ ನಿಲ್ಲಿಸಿದರು. ಕೂಸು ಹುಳವಲ್ಲ, ನನಗೆ ಗೊತ್ತು. ಆದರೆ ಮೇಯಿಸುವುದರಲ್ಲಿ ಬಿಡುವು ಕೊಡುವುದೂ ಒಂದು ಭಾಗ ಎಂದು ಅವರಷ್ಟು ಬಲ್ಲವರು ನಮ್ಮ ಕೇಂದ್ರದಲ್ಲಿ ಯಾರೂ ಇರಲಿಲ್ಲ. ಅವತ್ತಿಂದ ಮಗು ಅತ್ತರೆ ಮೊದಲು ಬಟ್ಟೆ ನೋಡಿ, ಎತ್ತಿಕೊಂಡು ನಾಲ್ಕು ಹೆಜ್ಜೆ ಹಾಕಿ, ಬಾಯಿ ಹುಡುಕುತ್ತಿದ್ದರೆ ಮಾತ್ರ ಎದೆಗೆ ಕೊಡಿಸುತ್ತಿದ್ದರು.

ನಡುವೆ ಒಂದು ತಪ್ಪು

ನಾಲ್ಕನೇ ದಿನ ತಾಯಿಯ ಫೋನ್: ಬಲಗಡೆ ಎದೆ ಕಲ್ಲಾಗಿದೆ, ಮುಟ್ಟಿದರೆ ನೋವು. "ಒಂದು ಸಲಕ್ಕೆ ಒಂದೇ ಎದೆ" ಎಂದು ಹೇಳಿದ ನಾನು ಇನ್ನೊಂದು ತುಂಬಿ ಬಿಗಿದರೆ ಏನು ಮಾಡಬೇಕೆಂದು ಹೇಳಿರಲಿಲ್ಲ. ಬೇಗ ಗುಣವಾಗಲಿ ಎಂದು ಅವಳು ಮೂರು ನಾಲ್ಕು ಸಲ ಎಡಗಡೆಯೇ ಕೊಟ್ಟಿದ್ದಳು, ಬಲಗಡೆ ಎಂಟು ಗಂಟೆ ಖಾಲಿಯಾಗಿರಲಿಲ್ಲ. ಹಾಗೇ ಬಿಟ್ಟಿದ್ದರೆ ಬಾವಾಗಿ ಜ್ವರ ಬರಬಹುದಿತ್ತು. ಅವತ್ತೇ ಹೋಗಿ, ಬಿಗಿತ ಸಡಿಲಾಗುವಷ್ಟು ಮಾತ್ರ ಕೈಯಲ್ಲಿ ಹಿಂಡಿ ತೆಗೆಯುವುದನ್ನು ಕಲಿಸಿದೆ. ಪೂರ್ತಿ ಹಿಂಡಿದರೆ ಎದೆ ಇನ್ನಷ್ಟು ಹಾಲು ಮಾಡುತ್ತದೆ. ತಣ್ಣೀರ ಬಟ್ಟೆ ಇಟ್ಟು, ಮುಂದಿನ ಸಲ ಬಲಗಡೆಯಿಂದಲೇ ಕುಡಿಸಿದಳು. ಎರಡು ದಿನಕ್ಕೆ ಇಳಿಯಿತು. ಒಂದೇ ಎದೆಯ ಈ ಕ್ರಮ ಹಾಲು ಹೆಚ್ಚಿರುವವರಿಗೆ ಮಾತ್ರ, ಅದೂ ತೂಕ ನೋಡಿಕೊಂಡು. ಹಾಲು ಸಾಲದವರು ಹೀಗೆ ಮಾಡಿದರೆ ಇರುವುದೂ ಇಂಗುತ್ತದೆ. ಈಗ ಯಾರಿಗೆ ಹೇಳಿದರೂ ಮೂರನೇ ದಿನ ನಾನೇ ಫೋನ್ ಮಾಡಿ ಕೇಳುತ್ತೇನೆ.

ಆಮೇಲೆ

ಮೊದಲ ದಿನ ಅಜ್ಜಿ ಎಣಿಸಿದ ಕಕ್ಕು 13. ಒಂಬತ್ತನೇ ದಿನ 6. ಕಕ್ಕದ ಬಣ್ಣ ಹಳದಿಗೆ ತಿರುಗಿತ್ತು, ಕೆಮ್ಮು ಬಹುಪಾಲು ನಿಂತಿತ್ತು. ಪೂರ್ತಿ ನಿಲ್ಲುವುದಿಲ್ಲ, ನಾಲ್ಕನೇ ತಿಂಗಳಲ್ಲಿ ಮತ್ತೆ ಏರಬಹುದು ಎಂದು ಮೊದಲೇ ಹೇಳಿಟ್ಟಿದ್ದೆ. 14ನೇ ವಾರದ ಲಸಿಕೆಗೆ ಬಂದಾಗ ತೂಕ 5.8.

ಏಪ್ರಿಲ್‌ನಲ್ಲಿ ಏರಿತು. ಅಷ್ಟರಲ್ಲಿ ಅವಳು ಗಂಡನ ಮನೆಗೆ ಹೋಗಿದ್ದಳು. ಅತ್ತೆ ಮೊಳಕೆ ರಾಗಿಯನ್ನು ಬೀಸಿ ಬಟ್ಟೆಯಲ್ಲಿ ಸೋಸಿ ಸರಿಹಿಟ್ಟು ಮಾಡಿಟ್ಟು, "ಗಟ್ಟಿ ಏನಾದ್ರೂ ಹೋದ್ರೆ ಹೊಟ್ಟೇಲಿ ನಿಲ್ಲುತ್ತೆ" ಎಂದಿದ್ದರು. ಬಿಸಿಲು ಜಾಸ್ತಿ, ಎರಡು ಚಮಚ ನೀರಾದರೂ ಹಾಕೋಣ ಎಂಬ ಮಾತೂ ಬಂದಿತ್ತು. ರಾಗಿ ಸರಿ ಒಳ್ಳೆಯದೇ, ಆರು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಬೇಸಿಗೆಯಲ್ಲೂ ನೀರು ಬೇಡ, ಎದೆಹಾಲಿನಲ್ಲೇ ಸಾಕಷ್ಟು ನೀರಿದೆ. ನಾನು ಅತ್ತೆಯ ಜೊತೆ ಮಾತಾಡಲಿಲ್ಲ. ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ತೂಕ ಮಾಡಿಸಲು ಕೇಳಿಕೊಂಡೆ. ಅವರು ಹೋಗುವ ಮೊದಲೇ ತಾಯಿ ಪಂಚೆಯ ತುಂಡು ಹಾಸಿ, ಅತ್ತೆಯ ಮುಂದೆ ಚಮಚದಲ್ಲಿ ಹಾಲು ಸುರಿದು ತೋರಿಸಿದ್ದಳು. ಸರಿಹಿಟ್ಟಿನ ಡಬ್ಬ ಜೂನ್‌ವರೆಗೆ ಅಟ್ಟದ ಮೇಲೆ ಉಳಿಯಿತು.

ಆರು ತಿಂಗಳಿಗೆ 7.4 ಕೆ.ಜಿ. ಒಂಬತ್ತು ತಿಂಗಳ ಲಸಿಕೆಯನ್ನು ತವರಿನಲ್ಲೇ ಹಾಕಿಸಿದರು. ದಾಖಲೆಗೆ ಬೇಕಿತ್ತು ಎಂದು, ಕಕ್ಕುವುದು ಯಾವಾಗ ನಿಂತಿತು ಎಂದು ಕೇಳಿದೆ. ತಾಯಿ ಅಜ್ಜಿಯ ಮುಖ ನೋಡಿದಳು, ಅಜ್ಜಿ ಅಜ್ಜನ ಮುಖ ನೋಡಿದರು. ಒಂದೊಂದು ಕಕ್ಕನ್ನೂ ಎಣಿಸಿದ್ದ ಆ ಮನೆಯಲ್ಲಿ ಕೊನೆಯದು ಯಾವುದೆಂದು ಯಾರಿಗೂ ನೆನಪಿರಲಿಲ್ಲ. ಮಗು ಅಜ್ಜನ ಹೆಗಲ ಮೇಲಿನ ಟವೆಲ್ ಎಳೆದು ಬಾಯಿಗಿಟ್ಟುಕೊಂಡಿತು. ನಾನು "ಸುಮಾರು 8 ತಿಂಗಳು" ಎಂದು ಬರೆದುಕೊಂಡೆ.